ಗಂಟು ಕಾಯುವ ದೇವತೆ: ರೋಮಿನ ಹೆಂಗಸರು ಪೂಜಿಸಿದ ಜೂನೋ

ಎಲ್ಲರಿಗೂ ನಮಸ್ಕಾರ.

2011ರ ಆಗಸ್ಟ್ 5ರಂದು ನಾಸಾ ಗುರುಗ್ರಹಕ್ಕೆ ಒಂದು ನೌಕೆ ಕಳಿಸಿತು. ಅದರ ಹೆಸರು ಜೂನೋ. 2016ರ ಜುಲೈನಲ್ಲಿ ಅದು ಗುರುವಿನ ಕಕ್ಷೆ ಸೇರಿತು. ಆ ಹೆಸರಿನ ಹಿಂದೆ ಒಂದು ಹಳೆಯ ಕಥೆ ಇದೆ. ಇಂಗ್ಲಿಷಿನಲ್ಲಿ ಗುರುಗ್ರಹಕ್ಕೆ ಇರುವ ಹೆಸರು ರೋಮನ್ನರ ದೇವರಾಜ ಜುಪಿಟರನದು. ಈ ಜುಪಿಟರ್ ತನ್ನ ಕಳ್ಳಾಟ ಕಾಣದಿರಲಿ ಅಂತ ಸುತ್ತಲೂ ಮೋಡ ಕವಿಸುತ್ತಾನೆ. ಹೆಂಡತಿ ಜೂನೋ ಆ ಮೋಡದೊಳಗೂ ಕಣ್ಣು ಹಾಯಿಸುತ್ತಾಳೆ. ಗುರುಗ್ರಹದ ದಟ್ಟ ಮೋಡಗಳ ಒಳಗೇನಿದೆ ಅಂತ ನೋಡಬೇಕಿದ್ದ ನೌಕೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ನೌಕೆಯ ಜೊತೆ ಮೂರು ಪುಟ್ಟ ಅಲ್ಯೂಮಿನಿಯಂ ಗೊಂಬೆಗಳೂ ಹೋದವು. ಒಂದು ಜುಪಿಟರ್, ಒಂದು ಗೆಲಿಲಿಯೊ. ಮೂರನೆಯದು ಕೈಯಲ್ಲಿ ಭೂತಗನ್ನಡಿ ಹಿಡಿದ ಜೂನೋ.

ನಮಗೆ ಜಾಸ್ತಿ ಗೊತ್ತಿರುವುದು ಈ ಜೂನೋನೇ. ಗಂಡನ ಮೇಲೆ ಸದಾ ಒಂದು ಕಣ್ಣು. ಅವನು ಬಯಸಿದ ಹೆಣ್ಣುಗಳ ಮೇಲೆ ಸಿಟ್ಟು. ಕವಿಗಳು ಇವಳನ್ನು ಚೆನ್ನಾಗಿ ಬರೆದಿದ್ದಾರೆ, ಹಾಗಾಗಿ ಇವಳೇ ಉಳಿದಳು. ಆದರೆ ರೋಮಿನಲ್ಲಿ ನೂರಾರು ವರ್ಷ ಹೆಂಗಸರು ಹೂವು ಹಿಡಿದು ಗುಡಿಗೆ ಹೋದದ್ದು ಹೊಟ್ಟೆಕಿಚ್ಚಿನ ಹೆಂಡತಿಯೊಬ್ಬಳ ದರ್ಶನಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬ ದೇವತೆ ಯಾರು ಅಂತ ತಿಳಿಯಬೇಕಾದರೆ ಅವಳ ಕಥೆಗಳಿಗಿಂತ ಮೊದಲು ಅವಳ ಹಬ್ಬಗಳನ್ನು ನೋಡಬೇಕು. ಯಾರು ಬರುತ್ತಿದ್ದರು, ಏನು ತರುತ್ತಿದ್ದರು, ಏನು ಬೇಡುತ್ತಿದ್ದರು? ಇವತ್ತು ಆ ಕಡೆಯಿಂದ ಜೂನೋಳನ್ನು ನೋಡೋಣ.

ಮೊದಲು ಕಥೆಯ ವಿಷಯ ಬೇಗ ಮುಗಿಸುತ್ತೇನೆ. ಕವಿಗಳ ಜೂನೋ ಬಹುಪಾಲು ಗ್ರೀಕರ ಹೇರಾ. ರೋಮನ್ನರು ತಮ್ಮ ದೇವರುಗಳನ್ನು ಗ್ರೀಕ್ ದೇವರುಗಳ ಜೊತೆ ಜೋಡಿ ಮಾಡಿದಾಗ ಹೇರಾಳ ಕಥೆಗಳೆಲ್ಲ ಜೂನೋಳ ಹೆಗಲೇರಿದವು. ಅಯೋ ಎಂಬ ಹುಡುಗಿಯನ್ನು ಜುಪಿಟರ್ ಹಸುವಾಗಿ ಮಾಡಿ ಬಚ್ಚಿಟ್ಟದ್ದು, ಅವಳನ್ನು ಕಾಯಲು ಜೂನೋ ನೂರು ಕಣ್ಣಿನ ಆರ್ಗಸ್‌ನನ್ನು ಇಟ್ಟದ್ದು, ಅವನು ಸತ್ತ ಮೇಲೆ ಆ ಕಣ್ಣುಗಳನ್ನು ತನ್ನ ನವಿಲಿನ ಗರಿಗೆ ಅಂಟಿಸಿದ್ದು, ಎಲ್ಲವೂ ಹೀಗೆ ಬಂದವು. ಅಂದಹಾಗೆ ಆ ನವಿಲು ನಮ್ಮ ದೇಶದ ಹಕ್ಕಿ. ಇಲ್ಲಿಂದ ಪಶ್ಚಿಮಕ್ಕೆ ಹೋಗಿ, ಗ್ರೀಸಿನ ಸೇಮೋಸ್ ದ್ವೀಪದ ಹೇರಾ ಗುಡಿ ಸೇರಿ, ಕೊನೆಗೆ ರೋಮಿನ ನಾಣ್ಯಗಳ ಮೇಲೆ ಜೂನೋಳ ಪಕ್ಕ ನಿಂತಿತು.

ಆದರೆ ಇಟಲಿಯಲ್ಲಿ ಅವಳು ಆಗಲೇ ಇದ್ದಳು. ಉತ್ತರದ ಎಟ್ರುಸ್ಕನ್ನರು ಅವಳನ್ನು ಊನಿ ಅಂತ ಕರೆದರು. ರೋಮಿನ ಸುತ್ತಲಿನ ಲ್ಯಾಟಿನ್ ಊರುಗಳಿಗೆ ತಮ್ಮ ತಮ್ಮ ಜೂನೋ ಇದ್ದಳು. ಲನೂವಿಯಮ್ ಊರಿನ ಜೂನೋ ಸೊಸ್ಪಿತಾಳನ್ನು ನೋಡಿದರೆ ಮದುವೆ ದೇವತೆ ಅಂತ ಯಾರೂ ಹೇಳಲಾರರು. ತಲೆಯ ಮೇಲಿಂದ ಹೊದ್ದ ಆಡಿನ ಚರ್ಮ, ಅದರಲ್ಲಿ ಕೊಂಬು ಹಾಗೇ ಇದೆ. ಕೈಯಲ್ಲಿ ಈಟಿ, ಇನ್ನೊಂದು ಕೈಯಲ್ಲಿ ಗುರಾಣಿ, ಕಾಲಲ್ಲಿ ಮೂತಿ ಮೇಲಕ್ಕೆ ಬಾಗಿದ ಚಪ್ಪಲಿ. ರೋಮಿನ ಹೆಸರಾಂತ ವಾಗ್ಮಿ ಸಿಸಿರೋ ಅವಳನ್ನು ಹೀಗೇ ವರ್ಣಿಸುತ್ತಾನೆ. ರೋಮಿನ ಕಾನ್ಸಲ್‌ಗಳು, ಅಂದರೆ ಆ ಗಣರಾಜ್ಯದ ಅತಿ ದೊಡ್ಡ ಅಧಿಕಾರಿಗಳು, ಅಲ್ಲಿಗೆ ಹೋಗಿ ಅವಳಿಗೆ ಬಲಿ ಕೊಡಬೇಕಿತ್ತು. ಈ ಈಟಿಯನ್ನು ನೆನಪಿಟ್ಟುಕೊಳ್ಳಿ. ಮದುವೆ ಮನೆಯಲ್ಲಿ ಮತ್ತೆ ಬರುತ್ತದೆ.

ಈಗ ಮದುವೆಗೆ ಬರೋಣ. ರೋಮನ್ ಕಾನೂನಿನ ಕಣ್ಣಲ್ಲಿ ಮದುವೆ ಬಹಳ ಸರಳ. ಗಂಡು ಹೆಣ್ಣಿಗೆ ಮದುವೆಯಾಗುವ ಹಕ್ಕಿರಬೇಕು, ಇಬ್ಬರೂ ಒಪ್ಪಬೇಕು, ಅವರ ಮೇಲೆ ಅಧಿಕಾರ ಇರುವ ತಂದೆ ಒಪ್ಪಬೇಕು, ಗಂಡ ಹೆಂಡತಿಯಾಗಿ ಬಾಳುವ ಮನಸ್ಸಿರಬೇಕು. ಅಷ್ಟೇ. ಎಲ್ಲೂ ದಾಖಲೆ ಮಾಡಿಸಬೇಕಿಲ್ಲ, ಪುರೋಹಿತ ಬರಲೇಬೇಕು ಅಂತಿಲ್ಲ. ಹಳೆಯ ಕುಲೀನ ಮನೆತನಗಳಲ್ಲಿ ಮಾತ್ರ ಒಂದು ದೊಡ್ಡ ಶಾಸ್ತ್ರ ಇತ್ತು. ಫಾರ್ ಎಂಬ ಒಂದು ಬಗೆಯ ಗೋಧಿಯ ರೊಟ್ಟಿಯನ್ನು ಜುಪಿಟರ್‌ಗೆ ಅರ್ಪಿಸಿ, 10 ಸಾಕ್ಷಿಗಳ ಎದುರು ಮದುವೆಯಾಗುವುದು. ಉಳಿದವರಿಗೆ ಒಪ್ಪಿಗೆಯೇ ಮದುವೆ. ಗಣರಾಜ್ಯದ ಕೊನೆಯ ಹೊತ್ತಿಗೆ ವಿಚ್ಛೇದನವೂ ಅಷ್ಟೇ ಸುಲಭವಾಗಿತ್ತು.

ಕಾನೂನು ಇಷ್ಟು ಸಡಿಲ ಇದ್ದಾಗ ಶಾಸ್ತ್ರಗಳು ಯಾಕೆ ಅಷ್ಟೊಂದು? ಉತ್ತರ ಹುಡುಗಿಯ ವಯಸ್ಸಿನಲ್ಲಿದೆ ಅಂತ ನನ್ನ ಅನಿಸಿಕೆ. ಕಾನೂನಿನ ಪ್ರಕಾರ ಹೆಣ್ಣಿಗೆ 12 ತುಂಬಿದರೆ ಮದುವೆ ಮಾಡಬಹುದಿತ್ತು. ಎಲ್ಲರೂ ಅಷ್ಟು ಬೇಗ ಮಾಡುತ್ತಿರಲಿಲ್ಲ, ಆದರೆ ಮಾಡುವವರಿದ್ದರು. ನಿನ್ನೆ ತನಕ ಗೊಂಬೆ ಆಡುತ್ತಿದ್ದವಳು ನಾಳೆ ಇನ್ನೊಂದು ಮನೆಯ ಯಜಮಾನಿ. ಮದುವೆಗೆ ಮುಂಚೆ ಹುಡುಗಿಯರು ತಮ್ಮ ಗೊಂಬೆಗಳನ್ನೂ ಬಾಲ್ಯದ ಬಟ್ಟೆಯನ್ನೂ ದೇವರಿಗೆ ಒಪ್ಪಿಸಿಬಿಡುತ್ತಿದ್ದರು. 1889ರಲ್ಲಿ ರೋಮ್ ನಗರದಲ್ಲಿ ನ್ಯಾಯಾಲಯದ ಹೊಸ ಕಟ್ಟಡಕ್ಕೆ ತಳಪಾಯ ಅಗೆಯುವಾಗ ಕ್ರೆಪೆರೆಯಾ ಟ್ರಿಫೇನಾ ಎಂಬ ಹೆಣ್ಣಿನ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಎರಡನೇ ಶತಮಾನದ್ದು. ಪಕ್ಕದಲ್ಲಿ ದಂತದ ಗೊಂಬೆ ಇತ್ತು. ಕೈಕಾಲು ಮಡಚಲು ಬರುವಂಥದ್ದು, ತಲೆಗೂದಲನ್ನು ಆ ಕಾಲದ ಫ್ಯಾಷನ್ನಿನಂತೆ ಕೆತ್ತಿದ್ದಾರೆ. ಗೊಂಬೆ ಅವಳ ಹತ್ತಿರವೇ ಉಳಿದಿದೆ ಅಂದರೆ ಅವಳು ಮದುವೆಯಾಗದೆ ತೀರಿಕೊಂಡಳು ಅಂತ ಅನೇಕರು ಊಹಿಸುತ್ತಾರೆ.

ಮದುವೆಯ ದಿನ ಹುಡುಗಿಯ ತಲೆಗೂದಲನ್ನು ಆರು ಭಾಗ ಮಾಡಿ ಕಟ್ಟುತ್ತಿದ್ದರು. ಬೈತಲೆ ತೆಗೆಯುವುದಕ್ಕೆ ಬಾಚಣಿಗೆ ಅಲ್ಲ, ಈಟಿಯ ಮೊನೆ! ಯಾಕೆ ಅಂತ ರೋಮನ್ನರೇ ತಲೆ ಕೆಡಿಸಿಕೊಂಡಿದ್ದರು. ಗ್ರೀಕ್ ಲೇಖಕ ಪ್ಲುಟಾರ್ಕ್ ಕೊಡುವ ಒಂದು ಕಾರಣ ಕಹಿಯಾದದ್ದು: ರೋಮಿನ ಮೊದಲ ಹೆಂಡತಿಯರು ಯುದ್ಧ ಮಾಡಿ ಹೊತ್ತು ತಂದವರು, ಅದರ ನೆನಪು ಇದು. ರೋಮ್ ಕಟ್ಟಿದ ರೋಮುಲಸ್‌ನ ಜನ ನೆರೆಯ ಸಬೈನ್ ಕುಲದ ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆದು ಎಳೆದೊಯ್ದ ಕಥೆ ನಿಮಗೆ ಗೊತ್ತಿರಬಹುದು. ಇನ್ನೊಂದು ಕಾರಣವನ್ನು ಫೆಸ್ಟಸ್ ಎಂಬ ವಿದ್ವಾಂಸ ಹೇಳುತ್ತಾನೆ: ಗೃಹಿಣಿಯರೆಲ್ಲ ಈಟಿ ಹಿಡಿದ ಜೂನೋ ಕ್ಯೂರಿಟಿಸ್‌ಳ ಆಶ್ರಯದಲ್ಲಿ ಇರುವವರು, ಅದಕ್ಕೆ ಈಟಿ. ಒಂದೇ ವಸ್ತುವಿನಲ್ಲಿ ಹೆಣ್ಣಿನ ಮೇಲೆ ನಡೆದ ಬಲವಂತವೂ ಇದೆ, ಅವಳನ್ನು ಕಾಯುವ ಆಯುಧವೂ ಇದೆ. ಎರಡರಲ್ಲಿ ಒಂದೇ ಸರಿ ಅಂತ ನಾನು ಹೇಳುವುದಿಲ್ಲ. ಎರಡೂ ವಿವರಣೆಗಳು ರೋಮಿನಲ್ಲಿ ಜೊತೆಜೊತೆಗೇ ಇದ್ದವು ಅನ್ನುವುದೇ ನನಗೆ ಮುಖ್ಯ.

ಆಮೇಲೆ ನೇರ ಮಗ್ಗದಲ್ಲಿ ನೇಯ್ದ ಬಿಳಿ ಉಡುಗೆ. ಅದರ ಮೇಲೆ ಕುರಿಯ ಉಣ್ಣೆಯ ನಡುಪಟ್ಟಿ. ಪಟ್ಟಿಗೆ ಹರ್ಕ್ಯುಲಿಸ್ ಗಂಟು ಅನ್ನುವ ಬಿಗಿ ಗಂಟು. ನಮ್ಮಲ್ಲಿ ತಾಳಿಗೆ ಹಾಕುವ ಮೂರು ಗಂಟು ಬಿಚ್ಚಬಾರದು ಅಂತಲೇ ಹಾಕುವುದು. ರೋಮಿನ ಗಂಟು ಬಿಚ್ಚಬೇಕು ಅಂತಲೇ ಹಾಕುವುದು. ಆ ರಾತ್ರಿ ಗಂಡ ಅದನ್ನು ಬಿಚ್ಚುತ್ತಾನೆ. ಹರ್ಕ್ಯುಲಿಸ್‌ಗೆ ಎಪ್ಪತ್ತು ಮಕ್ಕಳಂತೆ, ತನಗೂ ಮಕ್ಕಳ ಭಾಗ್ಯ ಇರಲಿ ಅಂತ ಹಾರೈಕೆ. ಈ ನಡುಪಟ್ಟಿಯ ಹೊಣೆ ಹೊತ್ತ ಜೂನೋಗೆ ಸಿಂಕ್ಸಿಯಾ ಅಂತ ಹೆಸರು. ಗಂಟಿನ ವಿಷಯಕ್ಕೆ ಮತ್ತೆ ಬರುತ್ತೇನೆ. ನನ್ನ ಪ್ರಕಾರ ಜೂನೋಳನ್ನು ತಿಳಿಯುವ ಕೀಲಿ ಅಲ್ಲಿದೆ.

ತಲೆಯ ಮೇಲೆ ಬೆಂಕಿ ಬಣ್ಣದ ಮುಸುಕು. ಪ್ರೊನುಬಾ ಅನ್ನುವ ಹಿರಿಯ ಗೃಹಿಣಿ ಹುಡುಗಿಯನ್ನು ಕರೆತಂದು ಇಬ್ಬರ ಬಲಗೈ ಕೂಡಿಸುತ್ತಾಳೆ. ಈ ಹಿರಿಯಳು ಒಂದೇ ಮದುವೆ ಆದವಳಾಗಿರಬೇಕು. ಮೇಲೆ ಅದೇ ಕೆಲಸ ಮಾಡುವ ದೇವತೆ ಜೂನೋ ಪ್ರೊನುಬಾ. ರೋಮನ್ ಶವಪೆಟ್ಟಿಗೆಗಳ ಮೇಲಿನ ಕೆತ್ತನೆಗಳಲ್ಲಿ ಗಂಡ ಹೆಂಡತಿ ಕೈ ಹಿಡಿದು ನಿಂತಿರುತ್ತಾರೆ, ಹಿಂದೆ ಒಬ್ಬ ಹೆಣ್ಣು ಇಬ್ಬರ ಭುಜದ ಮೇಲೂ ಕೈಯಿಟ್ಟಿರುತ್ತಾಳೆ. ಅವಳು ಜೂನೋ ಅಂತ ಕೆಲವರು, ಒಗ್ಗಟ್ಟಿನ ದೇವತೆ ಕಾನ್ಕಾರ್ಡಿಯಾ ಅಂತ ಕೆಲವರು ಹೇಳುತ್ತಾರೆ.

ಸಂಜೆ ಆಗುತ್ತಲೇ ದಿಬ್ಬಣ. ಹುಡುಗಿಯನ್ನು ತಾಯಿಯ ಮಡಿಲಿಂದ ಎಳೆದುಕೊಂಡು ಹೋಗುವ ಹಾಗೆ ನಟನೆ. ತಂದೆ ತಾಯಿ ಇಬ್ಬರೂ ಬದುಕಿರುವ ಮೂರು ಹುಡುಗರು ಜೊತೆಗೆ. ಇಬ್ಬರು ಕೈ ಹಿಡಿದಿರುತ್ತಾರೆ, ಒಬ್ಬ ಮುಂದೆ ಪಂಜು ಹಿಡಿದಿರುತ್ತಾನೆ. ಹಿಂದೆ ನೂಲುವ ಕದಿರು, ಉಣ್ಣೆ. ಜನ "ತಲಾಸಿಯೋ" ಅಂತ ಕೂಗುತ್ತಾರೆ, ಪೋಲಿ ಹಾಡು ಹಾಡುತ್ತಾರೆ, ಮಕ್ಕಳಿಗೆ ಕಾಯಿಬೀಜ ಎರಚುತ್ತಾರೆ. ಹುಡುಗಿಯ ಹತ್ತಿರ ಮೂರು ನಾಣ್ಯ ಇರುತ್ತವೆ ಅಂತ ರೋಮನ್ ವಿದ್ವಾಂಸ ವ್ಯಾರೋ ಹೇಳುತ್ತಾನೆ. ಒಂದು ಗಂಡನಿಗೆ, ಒಂದು ಅವನ ಮನೆದೇವರಿಗೆ, ಇನ್ನೊಂದು ದಾರಿ ಕೂಡುವ ಜಾಗದ ದೇವರಿಗೆ. ಈ ದಾರಿಯ ಜೂನೋ ಇಟೆರ್ಡೂಕಾ. ಮನೆ ತಲುಪಿಸುವ ಜೂನೋ ಡೊಮಿಡೂಕಾ.

ಗಂಡನ ಮನೆ ಬಾಗಿಲಲ್ಲಿ ಹುಡುಗಿ ನಿಲ್ಲುತ್ತಾಳೆ. ಬಾಗಿಲ ಕಂಬಗಳಿಗೆ ಉಣ್ಣೆ ಸುತ್ತುತ್ತಾಳೆ, ಕೊಬ್ಬು ಸವರುತ್ತಾಳೆ. ಹಿಂದೆ ತೋಳದ ಕೊಬ್ಬನ್ನೇ ಶ್ರೇಷ್ಠ ಅನ್ನುತ್ತಿದ್ದರು, ಮಾಟಮದ್ದು ಒಳಗೆ ಬಾರದಿರಲಿ ಅಂತ ಅದನ್ನು ಸವರುತ್ತಿದ್ದರು ಎಂದು ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಇಲ್ಲಿಯ ಜೂನೋ ಉಂಕ್ಸಿಯಾ. ಆಮೇಲೆ ಹೊಸ್ತಿಲು ಮುಟ್ಟದ ಹಾಗೆ ಅವಳನ್ನು ಎತ್ತಿಕೊಂಡು ಒಳಗೆ ದಾಟಿಸುತ್ತಾರೆ. ಒಳಗೆ ಬೆಂಕಿ ಮತ್ತು ನೀರು ಕೊಟ್ಟು ಬರಮಾಡಿಕೊಳ್ಳುತ್ತಾರೆ.

ನಡುಪಟ್ಟಿಗೊಬ್ಬ ಜೂನೋ, ದಾರಿಗೊಬ್ಬ ಜೂನೋ, ಬಾಗಿಲಿಗೊಬ್ಬ ಜೂನೋ. ಇವರ ಜೊತೆ ಇನ್ನೂ ಸಣ್ಣಪುಟ್ಟ ದೇವತೆಗಳು. ಐದನೇ ಶತಮಾನದ ಶುರುವಿನಲ್ಲಿ ಕ್ರೈಸ್ತ ಗುರು ಆಗಸ್ಟೀನ್ ಈ ಪಟ್ಟಿ ಇಟ್ಟುಕೊಂಡು ಚೆನ್ನಾಗಿ ಗೇಲಿ ಮಾಡಿದ್ದಾನೆ. ಜೋಡಿಸಲು ಜುಗಾಟಿನಸ್, ಮನೆಗೆ ಕರೆತರಲು ಡೊಮಿಡೂಕಸ್, ಗಂಡನ ಜೊತೆ ಉಳಿಯುವಂತೆ ಮಾಡಲು ಮಂಟುರ್ನಾ. ಮಲಗುವ ಕೋಣೆಯಲ್ಲಿ ದೇವರುಗಳ ಇಷ್ಟು ದೊಡ್ಡ ಗುಂಪು ಯಾಕೆ ಬೇಕು ಅಂತ ಕೇಳುತ್ತಾನೆ. ತರ್ಕಕ್ಕೆ ಅವನ ಪ್ರಶ್ನೆ ಸರಿಯೇ. ಆದರೆ ಆ ಪಟ್ಟಿಯನ್ನು ಹುಡುಗಿಯ ಜಾಗದಲ್ಲಿ ನಿಂತು ಓದಿ ನೋಡಿ. ಅವಳಿಗೆ ಹದಿಮೂರೋ ಹದಿನಾಲ್ಕೋ. ಗುರುತಿಲ್ಲದ ಮನೆಗೆ ಕತ್ತಲಲ್ಲಿ ನಡೆದು ಹೋಗುತ್ತಿದ್ದಾಳೆ. ಪ್ರತಿ ಹೆಜ್ಜೆಗೂ ಒಬ್ಬ ದೇವತೆಯ ಹೆಸರಿದೆ, ಅಂದರೆ ಪ್ರತಿ ಹೆಜ್ಜೆಯಲ್ಲೂ ಹೆದರಿಕೆ ಇದೆ ಅಂತ ಆ ಸಮಾಜಕ್ಕೆ ಗೊತ್ತಿತ್ತು. ಹೆದರಿಕೆ ಇಲ್ಲದ ಕಡೆ ಯಾರೂ ದೇವರನ್ನು ಕರೆಯುವುದಿಲ್ಲ, ಅಲ್ವಾ?

ಈ ಶಾಸ್ತ್ರಗಳು ಗೊತ್ತಿದ್ದರೆ ವರ್ಜಿಲ್‌ನ ಈನಿಯಡ್ ಕಾವ್ಯದ ಒಂದು ಘಟ್ಟ ಬೇರೆಯೇ ಥರ ಕಾಣುತ್ತದೆ. ಟ್ರಾಯ್ ನಾಶವಾದ ಮೇಲೆ ಈನಿಯಸ್ ಕಡಲಲ್ಲಿ ಅಲೆದು ಆಫ್ರಿಕಾದ ಕಾರ್ಥೇಜ್ ಸೇರುತ್ತಾನೆ. ಅಲ್ಲಿಯ ರಾಣಿ ಡೈಡೋ ಅವನಿಗೆ ಮನಸೋಲುತ್ತಾಳೆ. ಜೂನೋಗೆ ಕಾರ್ಥೇಜ್ ಪ್ರಿಯವಾದ ಊರು. ಇಟಲಿಗೆ ಹೋಗಿ ರೋಮನ್ನರ ಮೂಲಪುರುಷ ಆಗಬೇಕಾದ ಈನಿಯಸ್ ಇಲ್ಲೇ ನಿಂತರೆ ರೋಮ್ ಹುಟ್ಟುವುದಿಲ್ಲ. ಹಾಗಾಗಿ ಅವಳು ಒಂದು ಬಿರುಗಾಳಿ ಎಬ್ಬಿಸಿ ಬೇಟೆಗೆ ಹೋದ ಇಬ್ಬರನ್ನೂ ಒಂದೇ ಗುಹೆಗೆ ತಂದು ಸೇರಿಸುತ್ತಾಳೆ. ಭೂಮಿತಾಯಿಯೂ ಜೂನೋ ಪ್ರೊನುಬಾಳೂ ಸಂಜ್ಞೆ ಕೊಡುತ್ತಾರೆ. ಮಿಂಚು ಹೊಳೆಯುತ್ತದೆ. ಬೆಟ್ಟದ ತುದಿಯಲ್ಲಿ ವನದೇವತೆಯರು ಕೂಗುತ್ತಾರೆ.

ರೋಮಿನ ಓದುಗನಿಗೆ ಇದು ಮದುವೆಯ ಚಿತ್ರವೇ. ಪಂಜಿನ ಜಾಗದಲ್ಲಿ ಮಿಂಚು, ಹಾಡಿನ ಜಾಗದಲ್ಲಿ ಕಾಡಿನ ಕೂಗು, ಕೈ ಕೂಡಿಸಲು ಸಾಕ್ಷಾತ್ ದೇವತೆ. ಆದರೆ ದಿಬ್ಬಣ ಇಲ್ಲ, ಹೊಸ್ತಿಲಿಲ್ಲ, ಒಬ್ಬ ಬಂಧುವೂ ಇಲ್ಲ. ಡೈಡೋ ಇದನ್ನು ಮದುವೆ ಅಂತ ಕರೆಯುತ್ತಾಳೆ. ತಪ್ಪನ್ನು ಆ ಹೆಸರಿನಿಂದ ಮುಚ್ಚಿದಳು ಅಂತ ಕವಿ ಹೇಳುತ್ತಾನೆ. ಮುಂದೆ ಈನಿಯಸ್ ಬಿಟ್ಟು ಹೊರಟಾಗ ಅವನ ಮಾತು ಕಾನೂನಿನವರ ಮಾತಿನ ಹಾಗೇ ಇದೆ: ನಾನು ಯಾವತ್ತೂ ಮದುವಣಿಗನ ಪಂಜು ಹಿಡಿಯಲಿಲ್ಲ, ಇಂಥ ಒಪ್ಪಂದಕ್ಕೆ ಬರಲಿಲ್ಲ. ಮನಸ್ಸೇ ಮದುವೆ ಅನ್ನುವ ದೇಶದಲ್ಲಿ ಒಬ್ಬರಿಗೆ ಮನಸ್ಸಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಏನಾಗುತ್ತದೆ? ವರ್ಜಿಲ್ ಈ ಪ್ರಶ್ನೆಯನ್ನು ಎಳೆದು ಎಳೆದು ನೋಯಿಸುತ್ತಾನೆ. ಡೈಡೋ ಕತ್ತಿಗೆ ಬಿದ್ದು ಪ್ರಾಣ ಹೋಗದೆ ಒದ್ದಾಡುವಾಗ ಒಬ್ಬಳೇ ಒಬ್ಬಳು ಕನಿಕರ ಪಡುತ್ತಾಳೆ ದೇವಲೋಕದಲ್ಲಿ. ಅದು ಜೂನೋ. ತನ್ನ ದೂತೆ ಐರಿಸ್‌ಳನ್ನು ಕಳಿಸಿ, ಒಂದು ಎಳೆ ಕೂದಲು ಕತ್ತರಿಸಿ, ಅವಳ ಜೀವ ಬಿಡಿಸುತ್ತಾಳೆ. ಕಾವ್ಯದ ಮೊದಲ ಸಾಲುಗಳಲ್ಲೇ ಸಿಟ್ಟಿನವಳು ಅಂತ ಹೆಸರಾದ ದೇವತೆ ಇವಳೇ. ಡೈಡೋಳನ್ನು ಈ ಗತಿಗೆ ತಂದವಳೂ ಇವಳೇ.

ಈಗ ಗಂಟಿಗೆ ಬರೋಣ.

ರೋಮಿನ ಎಸ್ಕ್ವಿಲೀನ್ ಗುಡ್ಡದಲ್ಲಿ ಹಳೆಯ ತೋಪಿನ ನಡುವೆ ಒಂದು ಗುಡಿ ಇತ್ತು. ಕ್ರಿ.ಪೂ. 375ರದ್ದು. ಅದು ಜೂನೋ ಲೂಸಿನಾಳ ಗುಡಿ. ಮಗುವನ್ನು ಬೆಳಕಿಗೆ ತರುವವಳು ಅವಳು. ಅವಳ ಪೂಜೆಗೆ ಬರುವವರು ಮೈಮೇಲೆ ಒಂದು ಗಂಟೂ ಇಟ್ಟುಕೊಳ್ಳುವ ಹಾಗಿಲ್ಲ. ಬಸುರಿಯಾದರೆ ತಲೆಗೂದಲನ್ನೂ ಬಿಚ್ಚಿಕೊಂಡು ಬೇಡಿಕೊಳ್ಳಬೇಕು, ಹೆರಿಗೆ ಸಲೀಸಾಗಿ ಬಿಡಿಸಿಕೊಡು ತಾಯಿ ಅಂತ. ಕವಿ ಓವಿಡ್ ರೋಮಿನ ಹಬ್ಬಗಳ ಬಗ್ಗೆ ಬರೆದ 'ಫಾಸ್ಟಿ' ಕಾವ್ಯದಲ್ಲಿ ಇದನ್ನು ಹೇಳುತ್ತಾನೆ. ಬಸುರಿಯ ಪಕ್ಕ ಬೆರಳು ಹೆಣೆದು ಕೂರುವುದೂ ಮಾಟವೇ ಅಂತ ಪ್ಲಿನಿ ಬರೆಯುತ್ತಾನೆ. ಹರ್ಕ್ಯುಲಿಸ್ ಹುಟ್ಟುವಾಗ ಲೂಸಿನಾ ಹೀಗೇ ಕಾಲ ಮೇಲೆ ಕಾಲು ಹಾಕಿ, ಬೆರಳು ಹೆಣೆದು, ಬಾಗಿಲಲ್ಲಿ ಕೂತು ಅವನ ತಾಯಿಯ ಹೆರಿಗೆಯನ್ನು ಏಳು ದಿನ ತಡೆದಳಂತೆ. ಗಾಲಾಂಥಿಸ್ ಎಂಬ ಸೇವಕಿ "ಮಗು ಹುಟ್ಟಿತು!" ಅಂತ ಸುಳ್ಳು ಹೇಳಿದಳು. ಬೆಚ್ಚಿದ ದೇವತೆ ಕೈ ಬಿಟ್ಟಳು. ಹಾಗೆ ಹೆರಿಗೆ ಆಯಿತು. ಹರ್ಕ್ಯುಲಿಸ್ ಜುಪಿಟರನಿಗೆ ಬೇರೊಬ್ಬಳಲ್ಲಿ ಹುಟ್ಟಿದ ಮಗ, ಹಾಗಾಗಿ ಕಥೆ ಮತ್ತೆ ಸವತಿ ಮತ್ಸರದ್ದೇ. ಆದರೆ ಅದರ ಒಳಗಿರುವ ನಂಬಿಕೆ ಹೆಂಗಸರದ್ದು. ಮದುವೆಯ ದಿನ ನಡುವಿಗೆ ಗಂಟು, ಹೆರುವ ದಿನ ಮೈಮೇಲೆ ಒಂದು ಗಂಟೂ ಇಲ್ಲ. ಎರಡು ಕಡೆಯೂ ಕಾವಲಿಗೆ ಅದೇ ದೇವತೆ. ರೋಮಿನ ಹೆಣ್ಣಿಗೆ ಮದುವೆಗೂ ಹೆರಿಗೆಗೂ ನಡುವೆ ಅಂತರ ಕಡಿಮೆ. ಎರಡನ್ನೂ ಒಬ್ಬಳೇ ನೋಡಿಕೊಳ್ಳುವುದು ಅವರಿಗೆ ಸಹಜ ಅನ್ನಿಸಿತ್ತು.

ಆ ಹೆರಿಗೆ ಎಷ್ಟು ಭಯದ್ದು ಅಂತ ತಿಳಿಯಲು ಟೆರೆನ್ಸ್‌ನ ನಾಟಕಗಳ ಕಡೆ ನೋಡಿ. ಕ್ರಿ.ಪೂ. 160ರಲ್ಲಿ ಆಡಿದ 'ಅಡೆಲ್ಫೀ' ನಾಟಕದಲ್ಲಿ ಪಾಂಫಿಲಾ ಎಂಬ ಹುಡುಗಿ ಇದ್ದಾಳೆ. ನಾಟಕದ ಗಲಾಟೆಯೆಲ್ಲ ಅವಳ ಸುತ್ತ, ಆದರೆ ಅವಳು ರಂಗದ ಮೇಲೆ ಬರುವುದೇ ಇಲ್ಲ. ಒಳಗಿಂದ ಒಮ್ಮೆ ಕೂಗು ಕೇಳುತ್ತದೆ: "ಜೂನೋ ಲೂಸಿನಾ, ನೆರವಿಗೆ ಬಾ, ನನ್ನ ಕಾಪಾಡು!" ಅಷ್ಟು ಬಿಟ್ಟರೆ ಅವಳಿಗೆ ಮಾತಿಲ್ಲ. ಆರು ವರ್ಷ ಮುಂಚಿನ 'ಆಂಡ್ರಿಯಾ' ನಾಟಕದಲ್ಲೂ ಇನ್ನೊಬ್ಬ ಹುಡುಗಿ ಅದೇ ಮಾತು ಕೂಗುತ್ತಾಳೆ. ನೋಡುತ್ತಿದ್ದ ಜನಕ್ಕೆ ಆ ಕೂಗು ಮನೆಯಲ್ಲಿ ಕೇಳಿ ಕೇಳಿ ಗೊತ್ತಿದ್ದದ್ದೇ.

ಕೂಗಿದವರೆಲ್ಲ ಉಳಿಯಲಿಲ್ಲ. ರೋಮಿನ ಸೇನಾಪತಿ ಸೀಸರನ ಮಗಳು, ಇನ್ನೊಬ್ಬ ಸೇನಾಪತಿ ಪಾಂಪೆಯ ಹೆಂಡತಿ ಜೂಲಿಯಾ ಕ್ರಿ.ಪೂ. 54ರಲ್ಲಿ ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ಮಾವ ಅಳಿಯರ ನಡುವಿನ ಗಟ್ಟಿ ಕೊಂಡಿ ಅಲ್ಲಿಗೆ ಕಳಚಿತು. ಐದು ವರ್ಷದಲ್ಲಿ ಇಬ್ಬರೂ ಯುದ್ಧಕ್ಕೆ ನಿಂತರು. ಸಿಸಿರೋನ ಪ್ರೀತಿಯ ಮಗಳು ತುಲ್ಲಿಯಾ ಕ್ರಿ.ಪೂ. 45ರಲ್ಲಿ ಹೆರಿಗೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡಳು. ದೊಡ್ಡ ಮನೆಗಳ ಕಥೆಯೇ ಹೀಗೆ. ಉಳಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಲೂಸಿನಾಳ ದೊಡ್ಡ ಹಬ್ಬ ಮಾರ್ಚ್ 1ಕ್ಕೆ. ಹೆಸರು ಮಾಟ್ರೊನಾಲಿಯಾ, ಗೃಹಿಣಿಯರ ಹಬ್ಬ. ರೋಮಿನ ಹಳೆಯ ಪಂಚಾಂಗದಲ್ಲಿ ಅದು ವರ್ಷದ ಮೊದಲ ದಿನ. ಹೆಂಗಸರು ಹೂವು ಮುಡಿದು, ಹೂವು ಹಿಡಿದು ಎಸ್ಕ್ವಿಲೀನ್ ಗುಡಿಗೆ ಹೋಗುತ್ತಿದ್ದರು. ಗಂಡಂದಿರು ಉಡುಗೊರೆ ಕೊಡಬೇಕು. ಮನೆಯ ಯಜಮಾನಿಯರು ತಮ್ಮ ಗುಲಾಮರಿಗೆ ಅವತ್ತು ತಾವೇ ಬಡಿಸಬೇಕು. ಹಬ್ಬ ಯಾಕೆ ಬಂತು ಅನ್ನುವುದಕ್ಕೆ ಓವಿಡ್ ಸಬೈನ್ ಹೆಣ್ಣುಮಕ್ಕಳ ಕಥೆಯನ್ನೇ ತರುತ್ತಾನೆ, ಆದರೆ ಅದರ ಕೊನೆಯನ್ನು. ತಂದೆಯರು ಒಂದು ಕಡೆ, ಗಂಡಂದಿರು ಒಂದು ಕಡೆ ಕತ್ತಿ ಹಿರಿದು ನಿಂತಾಗ ಆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ರಣರಂಗದ ನಡುವೆ ಬಂದರು. ಅಜ್ಜಂದಿರನ್ನು ನೋಡಿ ಮಕ್ಕಳು ಕೈಚಾಚಿದವು. ಯುದ್ಧ ನಿಂತಿತು. ಅವರು ಮಾಡಿದ ಆ ಕೆಲಸಕ್ಕೆ ಈ ಹಬ್ಬ.

ಓವಿಡ್ ಇನ್ನೊಂದು ವಿಷಯ ಹೇಳಿದ್ದಾನೆ. ನನಗೆ ತುಂಬ ಇಷ್ಟವಾದದ್ದು ಇದು. ಅವನಿಗೆ ಮಗಳ ಮದುವೆ ಮಾಡಬೇಕಿತ್ತು. ಮೇ ತಿಂಗಳು ಆಗಲ್ಲ, ಆ ತಿಂಗಳಲ್ಲಿ ಮನೆಯಲ್ಲಿ ಸುಳಿಯುವ ಸತ್ತವರಿಗೆ ಶಾಂತಿ ಮಾಡುವ ದಿನಗಳಿವೆ. ಮೇ ತಿಂಗಳ ಮದುವೆ ಕೆಡುಕು ಅಂತ ಜನರಲ್ಲೂ ಮಾತಿತ್ತು. ಜೂನ್ ಹೇಗೆ ಅಂತ ಕೇಳಲು ಅವನು ಜುಪಿಟರನ ಅರ್ಚಕನ ಹೆಂಡತಿಯ ಹತ್ತಿರ ಹೋದ. ಈ ದಂಪತಿಯ ಮದುವೆ ಸಾವಿನಿಂದ ಮಾತ್ರ ಮುರಿಯಬಹುದಿತ್ತು. ಹೆಂಡತಿ ಸತ್ತರೆ ಅರ್ಚಕ ಹುದ್ದೆಯನ್ನೇ ಬಿಡಬೇಕು. ಅವಳು ದಿನವೂ ಮದುಮಗಳ ಬೆಂಕಿ ಬಣ್ಣದ ಮುಸುಕನ್ನೇ ಹೊದೆಯುತ್ತಿದ್ದಳು. ಅವಳು ಕೊಟ್ಟ ಉತ್ತರ ಇದು: ವೆಸ್ಟಾ ದೇವತೆಯ ಗುಡಿ ಗುಡಿಸಿದ ಕಸ ಟೈಬರ್ ನದಿಯಲ್ಲಿ ಹರಿದು ಕಡಲು ಸೇರುವ ತನಕ ನಾನು ತಲೆ ಬಾಚುವ ಹಾಗಿಲ್ಲ, ಉಗುರು ಕತ್ತರಿಸುವ ಹಾಗಿಲ್ಲ, ಗಂಡನನ್ನು ಮುಟ್ಟುವ ಹಾಗಿಲ್ಲ. ನೀನೂ ಅವಸರ ಮಾಡಬೇಡ. ಆ ಕಸ ಹೊರಗೆ ಹೋಗುತ್ತಿದ್ದದ್ದು ಜೂನ್ 15ಕ್ಕೆ. ಆಮೇಲೆ ಮದುವೆಗೆ ಒಳ್ಳೆಯ ದಿನ. ಜೂನ್ ತಿಂಗಳ ಹೆಸರು ಜೂನೋಳಿಂದಲೇ ಬಂದದ್ದು ಅಂತ ಹೇಳಲು ಓವಿಡ್‌ನ ಅದೇ 'ಫಾಸ್ಟಿ' ಕಾವ್ಯದಲ್ಲಿ ಜೂನೋ ತಾನೇ ಬಂದು ವಾದ ಮಾಡುತ್ತಾಳೆ.

ಮದುವೆ ಆಯಿತು. ಜಗಳ ಬಂದರೆ? ಅದಕ್ಕೂ ಒಂದು ಜಾಗ ಇತ್ತು. ಪ್ಯಾಲಟೈನ್ ಗುಡ್ಡದಲ್ಲಿ ವಿರಿಪ್ಲಾಕಾ ಅನ್ನುವ ದೇವತೆಯ ಪುಟ್ಟ ಗುಡಿ. ಗಂಡ ಹೆಂಡತಿ ಜಗಳವಾಡಿದಾಗ ಇಬ್ಬರೂ ಅಲ್ಲಿಗೆ ಹೋಗಿ ಒಬ್ಬರ ನಂತರ ಒಬ್ಬರು ಮನಸ್ಸಿನಲ್ಲಿದ್ದದ್ದು ಹೇಳಿಕೊಂಡು, ಹಟ ಬಿಟ್ಟು, ಜೊತೆಯಾಗಿ ಮನೆಗೆ ಬರುತ್ತಿದ್ದರು ಅಂತ ವಲೇರಿಯಸ್ ಮ್ಯಾಕ್ಸಿಮಸ್ ಬರೆದಿದ್ದಾನೆ. ದೇವತೆಯ ಹೆಸರಿನಲ್ಲಿ ಗಂಡನನ್ನು ಸಮಾಧಾನ ಮಾಡುವ ಅರ್ಥವೇ ಇದೆ ಅನ್ನುವುದನ್ನು ಮರೆಯುವಂತಿಲ್ಲ. ಆದರೂ ಹೆಂಡತಿಗೂ ಮಾತಾಡುವ ಸರದಿ ಸಿಗುವ ಜಾಗ ಅದು. ಜೂನೋಳ ಹೆಸರಲ್ಲಿ ಕಟ್ಟುನಿಟ್ಟಿನ ಒಂದು ನಿಯಮವೂ ಇತ್ತು. ರಾಜ ನೂಮಾ ಮಾಡಿದ್ದು ಅಂತ ಹೇಳುತ್ತಾರೆ. ಮದುವೆಯಾದ ಗಂಡಸಿನ ಜೊತೆ ಇರುವ ಇನ್ನೊಬ್ಬ ಹೆಣ್ಣು ಜೂನೋಳ ಬಲಿಪೀಠ ಮುಟ್ಟಬಾರದು. ಮುಟ್ಟಿದರೆ ಕೂದಲು ಬಿಚ್ಚಿ ಹೆಣ್ಣು ಕುರಿಮರಿ ಬಲಿ ಕೊಡಬೇಕು. ಗಂಡಸಿಗೆ ಯಾವ ದಂಡವೂ ಆ ನಿಯಮದಲ್ಲಿ ಇಲ್ಲ. ಇದನ್ನು ಓದುವಾಗಲೆಲ್ಲ ನನಗೆ ಬೇಸರವಾಗುತ್ತದೆ.

ಇಷ್ಟು ಕೇಳಿದರೆ ಜೂನೋ ಬರೀ ಮನೆಯೊಳಗಿನ ದೇವತೆ ಅನ್ನಿಸಬಹುದು. ಖಂಡಿತ ಅಲ್ಲ. ಕ್ಯಾಪಿಟೋಲ್ ಗುಡ್ಡದ ಮಹಾಗುಡಿಯಲ್ಲಿ ಜುಪಿಟರ್, ಮಿನರ್ವಾ ಜೊತೆ ಅವಳೂ ಕೂತಿದ್ದಳು. ಅದೇ ಗುಡ್ಡದಲ್ಲಿ, ಉತ್ತರದಿಂದ ನುಗ್ಗಿದ ಗಾಲ್ ಸೈನಿಕರು ರಾತ್ರಿ ಹತ್ತಿ ಬಂದಾಗ ರೋಮನ್ನರನ್ನು ಕೂಗಿ ಎಬ್ಬಿಸಿದ್ದು ಅವಳ ಹೆಬ್ಬಾತುಗಳು. ಕ್ರಿ.ಪೂ. 396ರಲ್ಲಿ ಎಟ್ರುಸ್ಕನ್ನರ ವೇಯಿ ನಗರವನ್ನು ರೋಮ್ ಗೆದ್ದಾಗ ಅಲ್ಲಿಯ ಜೂನೋಳನ್ನು ಸುಮ್ನೆ ಹೊತ್ತು ತರಲಿಲ್ಲ. ಆರಿಸಿದ ಯುವಕರು ಸ್ನಾನ ಮಾಡಿ, ಬಿಳಿ ಉಟ್ಟು, ಅಂಜುತ್ತ ಅಂಜುತ್ತ ಮೂರ್ತಿ ಮುಟ್ಟಿದರು. ಒಬ್ಬ ಕೇಳಿದ: "ರೋಮಿಗೆ ಬರುತ್ತೀಯಾ, ಜೂನೋ?" ದೇವಿ ತಲೆಯಾಡಿಸಿದಳು ಅಂತ ಉಳಿದವರು ಕೂಗಿದರು. ಇದನ್ನು ಬರೆಯುವ ಲಿವಿ ಆ ಹುಡುಗ ತಮಾಷೆಗೆ ಕೇಳಿದನೋ ಭಕ್ತಿಯಿಂದ ಕೇಳಿದನೋ ಎಂದು ಎರಡನ್ನೂ ಹೇಳುತ್ತಾನೆ. ನನಗಂತೂ ಇದರಲ್ಲಿ ಮದುವೆಯ ಛಾಯೆ ಕಾಣುತ್ತದೆ. ಒಪ್ಪಿಗೆ ಕೇಳಿ ಹೊಸ ಮನೆಗೆ ಕರೆತಂದರು. ಅವೆಂಟೈನ್ ಗುಡ್ಡದಲ್ಲಿ ಅವಳಿಗೆ ಗುಡಿ ಕಟ್ಟಿದರು.

ಆ ಗುಡಿಗೆ ಕ್ರಿ.ಪೂ. 207ರಲ್ಲಿ ಸಿಡಿಲು ಬಡಿಯಿತು. ರೋಮಿನ ಮೇಲೆ ದಂಡೆತ್ತಿ ಬಂದ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಇನ್ನೂ ಇಟಲಿಯಲ್ಲೇ ಇದ್ದಾನೆ, ಅವನ ತಮ್ಮ ಇನ್ನೊಂದು ಸೈನ್ಯ ತರುತ್ತಿದ್ದಾನೆ, ಊರಿಗೆ ಊರೇ ನಡುಗುತ್ತಿದೆ. ಸಿಡಿಲಿನ ಸಂಜ್ಞೆ ಗೃಹಿಣಿಯರಿಗೆ ಸೇರಿದ್ದು ಅಂತ ಶಕುನ ನೋಡುವವರು ಹೇಳಿದರು. ಊರಿನ ಮತ್ತು ಸುತ್ತ 10 ಮೈಲಿಯ ಗೃಹಿಣಿಯರನ್ನು ಕರೆಸಿದರು. ಅವರು ತಮ್ಮಲ್ಲೇ 25 ಮಂದಿಯನ್ನು ಆರಿಸಿ, ತಮ್ಮ ತಮ್ಮ ವರದಕ್ಷಿಣೆಯ ಹಣದಿಂದ ವಂತಿಗೆ ಕೊಟ್ಟರು. ಅದರಲ್ಲಿ ಚಿನ್ನದ ಬೋಗುಣಿ ಮಾಡಿಸಿ ಜೂನೋಗೆ ಒಪ್ಪಿಸಿದರು. ಆಮೇಲೆ ದೊಡ್ಡ ಮೆರವಣಿಗೆ. ಮುಂದೆ ಎರಡು ಬಿಳಿ ಹಸು, ಹಿಂದೆ ಸೈಪ್ರಸ್ ಮರದ ಎರಡು ಜೂನೋ ಮೂರ್ತಿ. ಉದ್ದುಡುಗೆಯ 27 ಹುಡುಗಿಯರು ಒಂದು ಹಗ್ಗ ಹಿಡಿದು, ಹೆಜ್ಜೆಗೆ ತಾಳ ಕೂಡಿಸಿ, ಕವಿ ಲಿವಿಯಸ್ ಆಂಡ್ರೊನಿಕಸ್ ಬರೆದುಕೊಟ್ಟ ಹಾಡು ಹಾಡುತ್ತ ಊರಿನ ನಡುವಿನ ಫೋರಮ್ ಚೌಕ ದಾಟಿ ಅವೆಂಟೈನ್ ಹತ್ತಿದರು. ಊರು ಉಳಿಯಬೇಕು ಅಂತ ಹೆಂಗಸರು ತಮ್ಮ ಮದುವೆಯ ಹಣವನ್ನು ಮದುವೆಯ ದೇವತೆಗೆ ಕೊಟ್ಟರು. ಮನೆಯ ಜೂನೋ ಬೇರೆ, ರಾಜ್ಯದ ಜೂನೋ ಬೇರೆ ಅಂತ ಅವರು ಎಣಿಸಲಿಲ್ಲ.

ಪ್ರತಿ ಗಂಡಸಿಗೂ ಅವನ ಜೊತೆಯೇ ಹುಟ್ಟುವ ಒಂದು ರಕ್ಷಕ ಶಕ್ತಿ ಇದೆ, ಅದು ಜೀನಿಯಸ್ ಅಂತ ರೋಮನ್ನರು ನಂಬಿದ್ದರು. ಹೆಣ್ಣಿಗೆ ಅದೇ ಶಕ್ತಿಯ ಹೆಸರು ಜೂನೋ. ಹುಟ್ಟುಹಬ್ಬದ ದಿನ ಹೆಣ್ಣು ತನ್ನ ಜೂನೋಗೆ ಧೂಪ ಹಾಕುತ್ತಿದ್ದಳು, ಅವಳ ಮೇಲೆ ಆಣೆ ಇಡುತ್ತಿದ್ದಳು. ಮದುವೆಯಾದವಳಿಗೂ ಆಗದವಳಿಗೂ ತನ್ನದೇ ಒಬ್ಬ ಜೂನೋ ಇದ್ದಳು.

ಗುಲಾಮ ಹೆಣ್ಣಿಗೆ? ಈ ಪ್ರಶ್ನೆ ಬಿಟ್ಟು ಜೂನೋಳ ಮಾತು ಮುಗಿಸಲು ನನಗೆ ಮನಸ್ಸಿಲ್ಲ. ರೋಮನ್ ಕಾನೂನಿನಲ್ಲಿ ಗುಲಾಮರಿಗೆ ಮದುವೆಯ ಹಕ್ಕೇ ಇರಲಿಲ್ಲ. ಜೊತೆಯಾಗಿ ಬಾಳಬಹುದು, ಆದರೆ ಅದು ಮದುವೆ ಅಲ್ಲ. ಹುಟ್ಟಿದ ಮಕ್ಕಳು ಒಡೆಯನ ಆಸ್ತಿ. ನಡುಪಟ್ಟಿ, ಪಂಜು, ಹೊಸ್ತಿಲು ಯಾವುದೂ ಅವರ ಪಾಲಿಗಿಲ್ಲ. ಆದರೆ ಜುಲೈ 7ಕ್ಕೆ ಜೂನೋ ಕಪ್ರೊಟಿನಾಳ ಹಬ್ಬ ಬರುತ್ತಿತ್ತು. ಅದರ ಕಥೆ ಹೀಗಿದೆ. ಗಾಲ್ ಜನ ಊರನ್ನು ಸುಟ್ಟು ಹಿಂದಿರುಗಿದ ಮೇಲೆ ರೋಮ್ ಸೊರಗಿ ಹೋಗಿತ್ತು. ನೆರೆಯ ಶತ್ರುಗಳು ಬಂದು ಸುತ್ತುಗಟ್ಟಿ, ನಿಮ್ಮ ಹೆಂಡತಿಯರನ್ನೂ ಹೆಣ್ಣುಮಕ್ಕಳನ್ನೂ ಒಪ್ಪಿಸಿ ಅಂದರು. ಊರಿನ ಹಿರಿಯರಿಗೆ ದಾರಿ ತೋಚಲಿಲ್ಲ. ಆಗ ಫಿಲೋಟಿಸ್ ಎಂಬ ಗುಲಾಮ ಹೆಣ್ಣು ಮುಂದೆ ಬಂದಳು. ತುತುಲಾ ಅಂತಲೂ ಅವಳ ಹೆಸರು ಹೇಳುತ್ತಾರೆ. ನಮಗೆ ಗೃಹಿಣಿಯರ ಬಟ್ಟೆ ಉಡಿಸಿ ಕಳಿಸಿ ಅಂದಳು. ಜೊತೆಗೆ ಇತರ ಗುಲಾಮ ಹೆಣ್ಣುಗಳೂ ಹೊರಟರು. ಶತ್ರುಗಳ ಬಿಡಾರದಲ್ಲಿ, ಇವತ್ತು ನಮ್ಮೂರ ಹಬ್ಬ ಅಂತ ಹೇಳಿ ಅವರಿಗೆ ಚೆನ್ನಾಗಿ ಕುಡಿಸಿದರು. ಎಲ್ಲರೂ ಮಲಗಿದ ಮೇಲೆ ಅವಳು ಕಾಡು ಅಂಜೂರದ ಮರ ಹತ್ತಿ ರೋಮಿನ ಕಡೆಗೆ ಪಂಜು ತೋರಿಸಿದಳು. ಶತ್ರುವಿಗೆ ಬೆಳಕು ಕಾಣದ ಹಾಗೆ ಹಿಂದೆ ಬಟ್ಟೆ ಅಡ್ಡ ಹಿಡಿದಿದ್ದಳು ಅಂತ ಪ್ಲುಟಾರ್ಕ್ ಸೇರಿಸುತ್ತಾನೆ. ರೋಮನ್ ಸೈನ್ಯ ನುಗ್ಗಿತು, ಗೆದ್ದಿತು.

ಇದು ನಿಜವಾಗಿ ನಡೆದದ್ದು ಅನ್ನುವುದಕ್ಕೆ ಆಧಾರ ಗಟ್ಟಿಯಿಲ್ಲ, ಹಬ್ಬಕ್ಕೆ ಕಾರಣ ಹೇಳಲು ಆಮೇಲೆ ಹುಟ್ಟಿದ ಕಥೆ ಇರಬಹುದು. ಆದರೆ ಹಬ್ಬ ಅಂತೂ ನಿಜ. ಅವತ್ತು ಒಡತಿಯರೂ ಗುಲಾಮ ಹೆಂಗಸರೂ ಒಟ್ಟಿಗೆ ಕಾಡು ಅಂಜೂರದ ಕೆಳಗೆ ಜೂನೋಗೆ ಬಲಿ ಕೊಡುತ್ತಿದ್ದರು. ಹಾಲಿನ ಬದಲು ಆ ಮರದ ಹಾಲನ್ನೇ ಎರೆಯುತ್ತಿದ್ದರು. ಕಥೆಯ ಕೊನೆಯನ್ನು ಮಾಕ್ರೋಬಿಯಸ್ ಬರೆದಿಟ್ಟಿದ್ದಾನೆ: ಸೆನೆಟ್ ಆ ಹೆಂಗಸರನ್ನೆಲ್ಲ ಬಿಡುಗಡೆ ಮಾಡಿತು, ಅವತ್ತು ಉಟ್ಟಿದ್ದ ಗೃಹಿಣಿಯರ ಬಟ್ಟೆ ಅವರೇ ಇಟ್ಟುಕೊಳ್ಳಲಿ ಅಂದಿತು, ಮತ್ತು ಅವರ ಮದುವೆಗೆ ವರದಕ್ಷಿಣೆಯನ್ನು ಸರ್ಕಾರದ ಖಜಾನೆಯಿಂದ ಕೊಟ್ಟಿತು.